ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಮತ್ತು ವಿಜ್ಞಾನದ ಕಠಿಣ ಪಾಠಗಳು

(ಮುಂಬಯಿಯ ಪವಾಯಿಯಲ್ಲಿ ನೆಲೆಸಿರುವ ಕನ್ನಡಿಗ ಪೋಷಕರನ್ನೂ ಶಿಕ್ಷಕರನ್ನೂ ಉದ್ದೇಶಿಸಿದ ಭಾಷಣದ ಪಠ್ಯ)



ಮುಂಬಯಿ ಮಹಾನಗರದ ಪವಾಯಿಗೆ ಎರಡು ಹೆಗ್ಗುರುತುಗಳಿವೆ. ಒಂದು, ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ಉದ್ದೇಶದಿಂದ 1891ರಲ್ಲಿ ನಿರ್ಮಾಣಗೊಂಡ ಕೆರೆ. ಇನ್ನೊಂದು, ಆ ಕೆರೆಯ ಮಗ್ಗುಲಲ್ಲೇ ಇರುವ ಭಾರತೀಯ ತಂತ್ರಜ್ಞಾನ ಸಂಸ್ಥೆ. 1958ರಲ್ಲಿ ಆರಂಭವಾದ ಈ ಸಂಸ್ಥೆಯ ಪವಾಯಿ ಆವರಣಕ್ಕೆ 1959ರ ಮಾರ್ಚ್ 10ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ನೆರವೇರಿಸಿದರು. ದೇಶದ ಮೂಲೆಮೂಲೆಗಳಿಂದ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ.

ಆ ಸಂಸ್ಥೆಯ ಆವರಣ ಗೋಡೆಯ ಹೊರಗೆ ವಾಸಿಸುವ ಮಕ್ಕಳಲ್ಲಿ ಎಷ್ಟು ಮಂದಿ ಒಂದು ದಿನ ಅದರ ಒಳಗೆ ವಿದ್ಯಾರ್ಥಿಗಳಾಗಿ ಕಾಲಿಡುತ್ತಾರೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರವು ಹನ್ನೆರಡನೆಯ ತರಗತಿಯಲ್ಲಿ ನಿರ್ಧಾರವಾಗುವುದಿಲ್ಲ. ಅದು ಬಹುಮಟ್ಟಿಗೆ ಆರು, ಏಳು ಮತ್ತು ಎಂಟನೆಯ ತರಗತಿಗಳಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಹನ್ನೊಂದರಿಂದ ಹದಿನಾಲ್ಕು ವರ್ಷದೊಳಗಿನ ಮಗುವು ‘ವಿಜ್ಞಾನ ತನಗೆ ಒಗ್ಗುವ ವಿಷಯವಲ್ಲ’ ಎಂದು ಒಮ್ಮೆ ತೀರ್ಮಾನಿಸಿತೆಂದರೆ, ಮುಂದೆ ಆ ತೀರ್ಮಾನವನ್ನು ಬದಲಿಸುವುದು ಬಲು ಕಷ್ಟ. ಕೂಲಿಗಾಗಿ, ಹೋಟೆಲಿನ ಕೆಲಸಕ್ಕಾಗಿ, ಕಟ್ಟಡ ಕಾಮಗಾರಿಗಾಗಿ ಊರು ಬಿಟ್ಟು ಬಂದ ಕುಟುಂಬಗಳ ಮಕ್ಕಳ ಪಾಲಿಗಂತೂ ಈ ಮೂರು ವರ್ಷಗಳು ಮುಂದಿನ ಬದುಕಿನ ಹೆಬ್ಬಾಗಿಲು. ಆದುದರಿಂದಲೇ ಹಿರಿಯ ಪ್ರಾಥಮಿಕ ಹಂತದ ವಿಜ್ಞಾನ ಬೋಧನೆಯು ಕೇವಲ ಶಾಲೆಯ ಆಂತರಿಕ ವಿಷಯವಲ್ಲ. ಅದು ಪ್ರತಿಯೊಂದು ಮನೆಯ ವಿಷಯವೂ ಹೌದು.

ಕಷ್ಟ ಎಲ್ಲಿದೆ?

ಐದನೆಯ ತರಗತಿಯವರೆಗೆ ವಿಜ್ಞಾನವು ಪರಿಸರದ ಪಾಠವಾಗಿ, ಗಿಡ, ಹಕ್ಕಿ, ಮಳೆ, ಆಹಾರಗಳ ಮಾತಾಗಿ ಮಗುವಿಗೆ ಪರಿಚಯವಾಗಿರುತ್ತದೆ. ಆರನೆಯ ತರಗತಿಯಿಂದ ಮುಂದೆ ಅದೇ ವಿಜ್ಞಾನವು ಕಣ್ಣಿಗೆ ಕಾಣದ ಸಂಗತಿಗಳ ಕಡೆಗೆ ತಿರುಗುತ್ತದೆ. ಸಾಂದ್ರತೆ, ಬಲ, ಉಷ್ಣ, ವಿದ್ಯುತ್ ಪ್ರವಾಹ, ದ್ಯುತಿಸಂಶ್ಲೇಷಣೆ, ಜೀವಕೋಶ ಮೊದಲಾದ ಪರಿಕಲ್ಪನೆಗಳು ಒಂದರ ಹಿಂದೆ ಒಂದರಂತೆ ಬರತೊಡಗುತ್ತವೆ. ಇವುಗಳಲ್ಲಿ ಒಂದನ್ನೂ ಕೈಯಲ್ಲಿ ಹಿಡಿದು ತೋರಿಸಲಾಗದು. ಪುಸ್ತಕವು ಪದವನ್ನು ಮೊದಲು ಕೊಡುತ್ತದೆ, ವ್ಯಾಖ್ಯೆಯನ್ನು ಅನಂತರ ಕೊಡುತ್ತದೆ, ಅನುಭವವನ್ನು ಕೊಡುವುದಕ್ಕೆ ತರಗತಿಯಲ್ಲಿ ಬಹಳ ಸಲ ವೇಳೆಯೇ ಇರುವುದಿಲ್ಲ. ಮಗುವು ಪದವನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಮರುವಾರ ಮರೆಯುತ್ತದೆ.

ಇದಕ್ಕೆ ಮಗುವಿನ ಬುದ್ಧಿಮಂದತೆ ಕಾರಣವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಮಗುವು ಬರಿಯ ತಲೆಯೊಂದಿಗೆ ಶಾಲೆಗೆ ಬರುವುದಿಲ್ಲ. ಪ್ರಪಂಚದ ಬಗೆಗೆ ತನ್ನದೇ ಆದ ವಿವರಣೆಗಳನ್ನು ಹೊತ್ತು ಬರುತ್ತದೆ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಳು ಕಂಡರೆ ನೀರು ಲೋಟದಿಂದ ಸೋರಿತೆಂದು ಅದು ಭಾವಿಸುತ್ತದೆ. ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆಂದು ನಂಬುತ್ತದೆ. ಚಂದ್ರನ ಕಲೆಗಳು ಭೂಮಿಯ ನೆರಳಿನಿಂದ ಉಂಟಾಗುತ್ತವೆಂದು ಹೇಳುತ್ತದೆ. ಭಾರವಾದುದೆಲ್ಲ ಮುಳುಗುತ್ತದೆ, ಹಗುರವಾದುದೆಲ್ಲ ತೇಲುತ್ತದೆ ಎಂದು ವಾದಿಸುತ್ತದೆ. ಈ ವಿವರಣೆಗಳು ತಪ್ಪಾಗಿದ್ದರೂ ಅರ್ಥಹೀನವಲ್ಲ. ಅವುಗಳ ಹಿಂದೆ ನೋಟವಿದೆ, ಊಹೆಯಿದೆ.

ಗಿಡವು ಏನನ್ನು ತಿಂದು ಬೆಳೆಯುತ್ತದೆಂಬ ಪ್ರಶ್ನೆಯಲ್ಲಿ ವಿಜ್ಞಾನಿಗಳೇ ಶತಮಾನಗಳ ಕಾಲ ತಡವರಿಸಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಫಾನ್ ಹೆಲ್ಮಾಂಟ್ ಎಂಬ ವಿದ್ವಾಂಸನು ತೂಗಿದ ಒಣಮಣ್ಣಿನಲ್ಲಿ ವಿಲೋ ಗಿಡವನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಹಾಕಿ ಬೆಳೆಸಿದನು. ಗಿಡದ ತೂಕವು ಸುಮಾರು 74 ಕಿಲೋಗ್ರಾಂ ಹೆಚ್ಚಿತು. ಮಣ್ಣಿನ ತೂಕವು 60 ಗ್ರಾಂನಷ್ಟೂ ಕಡಿಮೆಯಾಗಲಿಲ್ಲ. ಮಣ್ಣಿನಿಂದಲ್ಲ ಎಂಬುದನ್ನು ಆತನು ಸರಿಯಾಗಿಯೇ ಕಂಡುಕೊಂಡನು. ಆದರೆ ಎಲ್ಲವೂ ನೀರಿನಿಂದಲೇ ಬಂದಿತೆಂದು ತೀರ್ಮಾನಿಸಿ ಎಡವಿದನು. ಗಾಳಿಯ ಪಾತ್ರವೂ ಬೆಳಕಿನ ಪಾತ್ರವೂ ಸ್ಪಷ್ಟವಾಗಲು ಮತ್ತೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಇಷ್ಟು ದೀರ್ಘವಾದ ದಾರಿಯನ್ನು ಏಳನೆಯ ತರಗತಿಯ ಮಗುವು ಒಂದು ಪಿರಿಯಡ್ಡಿನಲ್ಲಿ ಕ್ರಮಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮಗುವಿನ ತಪ್ಪು ಉತ್ತರವನ್ನು ನಕ್ಕು ತಳ್ಳಿಹಾಕದೆ, ಅದನ್ನೇ ಪಾಠದ ಮೊದಲ ಮೆಟ್ಟಿಲಾಗಿ ಮಾಡಿಕೊಳ್ಳುವುದು ವಿವೇಕದ ಮಾರ್ಗ.

ಭಾಷೆಯ ತೊಡಕು

ಪವಾಯಿಯಂತಹ ಪ್ರದೇಶದಲ್ಲಿ ಬೆಳೆಯುವ ಕನ್ನಡಿಗರ ಮಗುವಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಹಿಂದಿ, ಊರಿನಲ್ಲಿ ಮರಾಠಿ, ಪುಸ್ತಕದಲ್ಲಿ ಬಹುಶಃ ಇಂಗ್ಲಿಷ್. ಹಲವು ಭಾಷೆಗಳನ್ನು ಬಲ್ಲುದು ಸಂಪತ್ತೇ ಹೊರತು ದೋಷವಲ್ಲ. ಆದರೆ ವಿಜ್ಞಾನದ ಪಾರಿಭಾಷಿಕ ಪದಗಳಲ್ಲಿ ಅದು ಅರಿವಿಲ್ಲದೆಯೇ ಗೊಂದಲವನ್ನು ಉಂಟುಮಾಡಬಲ್ಲುದು.

ಒಂದು ಉದಾಹರಣೆಯನ್ನು ನೋಡಬಹುದು. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ‘ಶಕ್ತಿ’ ಎಂದರೆ ಎನರ್ಜಿ. ಹಿಂದಿ ಮತ್ತು ಮರಾಠಿ ಪುಸ್ತಕಗಳಲ್ಲಿ ಎನರ್ಜಿಗೆ ‘ಊರ್ಜಾ’ ಎಂಬ ಪದವಿದ್ದು, ‘ಶಕ್ತಿ’ ಎಂಬುದನ್ನು ಪವರ್ ಎಂಬ ಬೇರೆಯೇ ಅರ್ಥದಲ್ಲಿ ಬಳಸಲಾಗುತ್ತದೆ. ಕನ್ನಡದಲ್ಲಿ ‘ಸಾಂದ್ರತೆ’ ಎಂದರೆ ಡೆನ್ಸಿಟಿ. ಹಿಂದಿಯಲ್ಲಿ ‘ಸಾಂದ್ರತಾ’ ಎಂದರೆ ದ್ರಾವಣದಲ್ಲಿ ಕರಗಿದ ವಸ್ತುವಿನ ಪ್ರಮಾಣ, ಡೆನ್ಸಿಟಿಗೆ ಅಲ್ಲಿ ‘ಘನತ್ವ’ ಎಂಬ ಪದ. ಪದ ಒಂದೇ, ಅರ್ಥ ಎರಡು. ಅಕ್ಕನು ಹಿಂದಿ ಪುಸ್ತಕದಿಂದ ತಮ್ಮನಿಗೆ ಪಾಠ ಹೇಳಿಕೊಟ್ಟರೆ ಇಬ್ಬರೂ ಪ್ರಾಮಾಣಿಕರಾಗಿದ್ದೂ ತಮ್ಮನು ತಪ್ಪನ್ನು ಕಲಿಯಬಹುದು.

ಒಂದೇ ಭಾಷೆಯೊಳಗೂ ಇಂತಹ ತೊಡಕುಗಳಿವೆ. ‘ರಾಶಿ’ ಎಂದರೆ ಕಣದಲ್ಲಿ ಹಾಕಿದ ಕಾಳಿನ ಗುಡ್ಡೆ, ಪಂಚಾಂಗದಲ್ಲಿ ಮೇಷ ವೃಷಭಾದಿ ಹನ್ನೆರಡು. ವಿಜ್ಞಾನದಲ್ಲಿ ಅದು ವಸ್ತುವಿನಲ್ಲಿರುವ ದ್ರವ್ಯದ ಮೊತ್ತ. ‘ಕೆಲಸ’ ಎಂಬ ಪದವಂತೂ ಇನ್ನೂ ಸೂಕ್ಷ್ಮ. ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಒಂದು ಗಂಟೆ ನಿಂತಲ್ಲೇ ನಿಂತ ಹಮಾಲನು ಆ ಹೊರೆಯ ಮೇಲೆ ಯಾವ ಕೆಲಸವನ್ನೂ ಮಾಡಲಿಲ್ಲವೆಂದು ಭೌತವಿಜ್ಞಾನವು ಹೇಳುತ್ತದೆ. ಬೆವರು ಸುರಿಸಿ ದುಡಿಯುವ ತಂದೆಯನ್ನು ದಿನವೂ ನೋಡುವ ಮಗುವಿಗೆ ಈ ಮಾತು ಅನ್ಯಾಯವೆಂದೇ ತೋರೀತು. ದಿನಬಳಕೆಯ ಪದವನ್ನು ವಿಜ್ಞಾನವು ಎರವಲು ಪಡೆದು ಬೇರೆಯ ಅರ್ಥವನ್ನು ಕೊಟ್ಟಿದೆಯೆಂಬುದನ್ನು ಬಿಡಿಸಿ ಹೇಳಿದರೆ ಮಾತ್ರ ಆ ಗಂಟು ಸಡಿಲಗೊಳ್ಳುತ್ತದೆ.

ಭಾಷೆಯ ಈ ಪಾತ್ರವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡಿದ ಕೀರ್ತಿ ಮುಂಬಯಿಯದೇ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1974ರಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಸ್ಥಾಪನೆಗೊಂಡಿತು. ನಾನಾ ಚೌಕದ ಮುನಿಸಿಪಲ್ ಶಾಲೆಯ ಕಟ್ಟಡದಲ್ಲಿ ಕಾರ್ಯಾರಂಭ ಮಾಡಿದ ಈ ಕೇಂದ್ರವು ಇಂದು ಪವಾಯಿಯಿಂದ ದಕ್ಷಿಣಕ್ಕೆ ಮಾನಖುರ್ದ್‌ನಲ್ಲಿ ನೆಲೆಗೊಂಡಿದೆ. ಅದರ ಸಂಸ್ಥಾಪಕ ನಿರ್ದೇಶಕರಾದ ವಿ. ಜಿ. ಕುಲಕರ್ಣಿ ಅವರು ಮತ್ತು ಅವರ ಸಹೋದ್ಯೋಗಿಗಳು ವಿಜ್ಞಾನ ಪಠ್ಯದ ವಿಷಯವನ್ನು ಬದಲಿಸದೆ ಅದರ ಭಾಷೆಯನ್ನು ಮಾತ್ರ ಸರಳಗೊಳಿಸಿ ಮಕ್ಕಳ ಕೈಗಿತ್ತು ನೋಡಿದರು. ಸರಳ ಭಾಷೆಯಲ್ಲಿ ಓದಿದ ಮಕ್ಕಳ ಸಾಧನೆಯು ಗಮನಾರ್ಹವಾಗಿ ಉತ್ತಮಗೊಂಡುದು ಕಂಡುಬಂದಿತು. ಈ ಅಧ್ಯಯನವು 1981ರಲ್ಲಿ ಪ್ರಕಟವಾಯಿತು. ಕಠಿಣವೆಂದು ಭಾವಿಸಲಾಗಿದ್ದ ವಿಜ್ಞಾನದಲ್ಲಿ ಒಂದು ಪಾಲು ಕೇವಲ ಕಠಿಣ ಭಾಷೆಯೇ ಆಗಿತ್ತು ಎಂಬುದು ಇದರ ತಾತ್ಪರ್ಯ.

ಹೋಶಂಗಾಬಾದ್ ಕಲಿಸಿದ ಪಾಠ

ಭಾಷೆಯ ಗಂಟು ಬಿಚ್ಚಿದ ಮೇಲೆ ಉಳಿಯುವುದು ಅನುಭವದ ಕೊರತೆ. ಇದನ್ನು ನೀಗಿಸುವ ಮಹತ್ತರ ಪ್ರಯತ್ನವೊಂದು ಮಧ್ಯ ಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ನಡೆಯಿತು. 1972ರಲ್ಲಿ ಕಿಶೋರ ಭಾರತಿ ಹಾಗೂ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ, ಅಂದರೆ ಆರರಿಂದ ಎಂಟನೆಯ ತರಗತಿಯವರೆಗಿನ ಶಾಲೆಗಳಲ್ಲಿ, ಪ್ರಯೋಗದ ಮೂಲಕ ವಿಜ್ಞಾನವನ್ನು ಕಲಿಸುವ ಕಾರ್ಯಕ್ರಮವನ್ನು ಆರಂಭಿಸಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದಕ್ಕೆ ಕೈಜೋಡಿಸಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ವಿಸ್ತರಿಸಲ್ಪಟ್ಟಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆಯು ಅದನ್ನು ಮುಂದುವರಿಸಿತು.

ಆ ಕಾರ್ಯಕ್ರಮದ ಪುಸ್ತಕದ ಹೆಸರು ‘ಬಾಲ ವೈಜ್ಞಾನಿಕ’. ಅದರಲ್ಲಿ ಸಿದ್ಧ ಉತ್ತರಗಳಿಗಿಂತ ಮಾಡಿ ನೋಡಬೇಕಾದ ಪ್ರಯೋಗಗಳೂ ಪ್ರಶ್ನೆಗಳೂ ಹೆಚ್ಚಾಗಿದ್ದವು. ಮಕ್ಕಳು ಗುಂಪುಗುಂಪಾಗಿ ಕುಳಿತು ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಚರ್ಚಿಸಿ, ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕವನ್ನೂ ಟಿಪ್ಪಣಿಯನ್ನೂ ತೆರೆದು ನೋಡಲು ಅವಕಾಶವಿತ್ತು. ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮಕ್ಕಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನು ಸ್ವೀಕರಿಸಲು ‘ಸವಾಲೀರಾಮ್’ ಎಂಬ ಕಲ್ಪಿತ ವ್ಯಕ್ತಿಯನ್ನು ಸೃಷ್ಟಿಸಲಾಗಿತ್ತು. ಮಕ್ಕಳು ಆತನಿಗೆ ಕಾಗದ ಬರೆಯುತ್ತಿದ್ದರು, ಉತ್ತರವೂ ಬರುತ್ತಿತ್ತು. ಪ್ರಶ್ನೆ ಕೇಳಿದ ಮಗುವಿಗೆ ಯಾರೋ ಕಿವಿಗೊಟ್ಟಿದ್ದಾರೆಂಬ ಭರವಸೆಯೇ ಅಲ್ಲಿಯ ದೊಡ್ಡ ಉಪಕರಣವಾಗಿತ್ತು.

ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವು 2002ರಲ್ಲಿ ರಾಜ್ಯ ಸರ್ಕಾರದ ತೀರ್ಮಾನದಂತೆ ಮುಕ್ತಾಯಗೊಂಡಿತು. ಆದರೆ ದುಬಾರಿ ಪ್ರಯೋಗಾಲಯವಿಲ್ಲದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿಯೂ ಮಾಡಿ ಕಲಿಯುವ ವಿಜ್ಞಾನವು ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು.

ಕೆರೆಯೇ ಪ್ರಯೋಗಾಲಯ

ಹಳ್ಳಿಯ ಶಾಲೆಯಲ್ಲಿ ಸಾಧ್ಯವಾದುದು ಪವಾಯಿಯಲ್ಲಿ ಅಸಾಧ್ಯವಾಗಲಾರದು. ಇಲ್ಲಿಯ ಕೆರೆಯೇ ಒಂದು ತೆರೆದ ಪುಸ್ತಕ. ಮುಂಬಯಿಗೆ ನೀರೊದಗಿಸಲು ವಿಹಾರ್ ಕೆರೆಯು 1860ರಲ್ಲಿಯೂ ತುಳಸಿ ಕೆರೆಯು 1879ರಲ್ಲಿಯೂ, ಕೊನೆಗೆ ಪವಾಯಿ ಕೆರೆಯು 1891ರಲ್ಲಿಯೂ ಸಿದ್ಧಗೊಂಡವು. ಮೂರೂ ಹತ್ತಿರ ಹತ್ತಿರದಲ್ಲಿಯೇ ಇವೆ. ಮೂರಕ್ಕೂ ಬೀಳುವುದು ಒಂದೇ ಮುಂಗಾರಿನ ಮಳೆ. ಆದರೂ ವಿಹಾರ್ ಮತ್ತು ತುಳಸಿ ಕೆರೆಗಳ ನೀರು ಇಂದಿಗೂ ನಗರದ ಕುಡಿಯುವ ನೀರಿನ ಪೂರೈಕೆಗೆ ಸೇರುತ್ತದೆ, ಪವಾಯಿ ಕೆರೆಯ ನೀರು ಕುಡಿಯಲು ಯೋಗ್ಯವಲ್ಲ. ಇದು ಏಕೆ?

ಈ ಒಂದು ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟರೆ ಎಂಟನೆಯ ತರಗತಿಯ ಅರ್ಧ ಪಾಠಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ವಿಹಾರ್ ಮತ್ತು ತುಳಸಿ ಕೆರೆಗಳ ಸುತ್ತ ರಾಷ್ಟ್ರೀಯ ಉದ್ಯಾನದ ಕಾಡಿದೆ. ಪವಾಯಿ ಕೆರೆಯ ಸುತ್ತ ವಸತಿ ಬೆಳೆದಿದೆ. ಬಚ್ಚಲ ನೀರಿನೊಂದಿಗೆ ಪೋಷಕ ಲವಣಗಳು ಕೆರೆಗೆ ಸೇರುತ್ತವೆ. ಗೊಬ್ಬರ ಹಾಕಿದ ಹೊಲದಂತೆ ಅಲ್ಲಿ ವಾಟರ್ ಹಯಸಿಂತ್ ಎಂಬ ಜಲಕಳೆಯು ಹಬ್ಬುತ್ತದೆ. ದಕ್ಷಿಣ ಅಮೆರಿಕಾದಿಂದ ಬಂದ ಈ ಕಳೆಯು ನೀರಿನ ಮೇಲ್ಮೈಯನ್ನು ಮುಚ್ಚಿ ಬೆಳಕನ್ನು ತಡೆಯುತ್ತದೆ. ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಮೀನುಗಳಿಗೆ ಉಸಿರು ಕಟ್ಟುತ್ತದೆ. ದ್ಯುತಿಸಂಶ್ಲೇಷಣೆ, ಉಸಿರಾಟ, ಸೂಕ್ಷ್ಮಜೀವಿಗಳ ಕಾರ್ಯ, ಆಹಾರ ಸರಪಣಿ, ಜಲಮಾಲಿನ್ಯ ಎಲ್ಲವೂ ಇಲ್ಲಿ ಒಂದೇ ಕಥೆಯ ಅಧ್ಯಾಯಗಳು. ಆ ಕಳೆಯ ಉಬ್ಬಿದ ದೇಟನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಒಳಗೆ ಗಾಳಿ ತುಂಬಿದ ಸ್ಪಂಜಿನಂತಹ ರಚನೆಯಿದೆ. ತೇಲುವಿಕೆಯ ಪಾಠವು ಕೂಡ ಅಲ್ಲಿಯೇ ಸಿಗುತ್ತದೆ.

ಪವಾಯಿ ಮತ್ತು ವಿಹಾರ್ ಕೆರೆಗಳ ಉಕ್ಕು ನೀರು ಮಿಠಿ ನದಿಯಾಗಿ ಮಾಹೀಮ್ ಖಾರಿಯನ್ನು ಸೇರುತ್ತದೆ. 2005ರ ಜುಲೈ 26ರ ಮಹಾಮಳೆಯ ದಿನ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಈ ಸಂಖ್ಯೆಯನ್ನು ಬರಿದೇ ಓದಿದರೆ ಮಗುವಿಗೆ ಏನೂ ತೋಚದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು ಎಂದು ಲೆಕ್ಕ ಹಾಕಿಸಬೇಕು. ಹತ್ತು ಚದರ ಮೀಟರಿನ ಒಂದು ಕೋಣೆಯ ಚಾವಣಿಯ ಮೇಲೆ ಆ ದಿನ ಬಿದ್ದ ನೀರು 9,440 ಲೀಟರ್. ಹರಿದುಹೋಗದೆ ನಿಂತಿದ್ದರೆ ಅದರ ಎತ್ತರವು 94 ಸೆಂಟಿಮೀಟರ್, ಅಂದರೆ ಆರನೆಯ ತರಗತಿಯ ಮಗುವಿನ ಎದೆಯ ಹತ್ತಿರಕ್ಕೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಆ ಎತ್ತರಕ್ಕೆ ಗೆರೆ ಎಳೆದು ಮಗುವನ್ನು ಪಕ್ಕದಲ್ಲಿ ನಿಲ್ಲಿಸಿದರೆ, ಅಳತೆ, ವಿಸ್ತೀರ್ಣ, ಗಾತ್ರ ಎಂಬ ಮೂರು ಪದಗಳಿಗೂ ಜೀವ ಬರುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಪವಾಯಿ ಕೆರೆಯಲ್ಲಿ ಮೊಸಳೆಗಳಿವೆ. ಮಕ್ಕಳು ದೊಡ್ಡವರ ಜೊತೆಯಲ್ಲಿ ದಂಡೆಯ ದಾರಿಯಿಂದಲೇ ನೋಡಬೇಕು. ನೀರಿಗೆ ಇಳಿಯಲೂಬಾರದು, ನೀರಿನ ಅಂಚಿಗೆ ಹೋಗಲೂಬಾರದು. ಕಳೆಯ ಗಿಡ ಬೇಕಿದ್ದರೆ ದೊಡ್ಡವರೇ ತಂದುಕೊಡಬೇಕು.

ಮನೆಯಲ್ಲಿರುವ ವಿಜ್ಞಾನ

ತಾವು ಹೆಚ್ಚು ಓದಿಲ್ಲ, ಆದುದರಿಂದ ಮಕ್ಕಳಿಗೆ ವಿಜ್ಞಾನದಲ್ಲಿ ನೆರವಾಗಲಾರೆವು ಎಂದು ಅನೇಕ ಪೋಷಕರು ಭಾವಿಸಿದ್ದಾರೆ. ಈ ಭಾವನೆಯು ಸರಿಯಲ್ಲ. ಕಟ್ಟಡ ಕೆಲಸದ ಮೇಸ್ತ್ರಿಯು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಎರಡು ಗೋಡೆಗಳ ಮಟ್ಟವನ್ನು ಸರಿದೂಗಿಸುತ್ತಾನೆ. ದ್ರವವು ತನ್ನ ಮಟ್ಟವನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಉತ್ತಮ ಉಪಕರಣವಿಲ್ಲ. ಅವನ ತೂಗುಗುಂಡು ಗುರುತ್ವದ ದಿಕ್ಕನ್ನು ತೋರುತ್ತದೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಇಡ್ಲಿ ಬೇಯಿಸುವವನಿಗೆ ಹಬೆಯ ಬಲವೂ ಗೊತ್ತು, ಮುಚ್ಚಳದ ಒಳಮೈಯಿಂದ ತೊಟ್ಟಿಕ್ಕುವ ಹನಿಗಳೂ ಗೊತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಕನ್ನಡಿಗರ ಪರಂಪರೆಯೇ ಈ ನಗರದಲ್ಲಿದೆ. ಅವರ ಕೈಗಳಲ್ಲಿರುವ ತಿಳಿವನ್ನು ಮಕ್ಕಳ ಪುಸ್ತಕದೊಂದಿಗೆ ಜೋಡಿಸುವುದಷ್ಟೇ ಉಳಿದಿರುವ ಕೆಲಸ.

ಕೆಲವು ಸರಳ ಪ್ರಯೋಗಗಳನ್ನು ಇಲ್ಲಿ ಸೂಚಿಸಬಹುದು. ತಣ್ಣನೆಯ ಲೋಟದ ಹೊರಗಿನ ಹನಿಯು ಸೋರಿದ ನೀರೆಂದು ಮಗುವು ಹೇಳಿದರೆ, ಲೋಟಕ್ಕೆ ಮಂಜುಗಡ್ಡೆಯೊಂದಿಗೆ ಬಣ್ಣದ ಶರಬತ್ತನ್ನು ಹಾಕಿ, ಹೊರಗಿನ ಹನಿಗಳ ಬಣ್ಣವನ್ನು ನೋಡಹೇಳಬೇಕು. ಹನಿಗಳಿಗೆ ಬಣ್ಣವಿಲ್ಲ. ಹಾಗಾದರೆ ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆಯು ಆಗ ಮಗುವಿನದೇ ಆಗುತ್ತದೆ. ಮೇ ತಿಂಗಳಿನಲ್ಲಿ ಬೇಗ ಒಣಗುವ ಬಟ್ಟೆಯು ಜುಲೈ ತಿಂಗಳಿನಲ್ಲಿ ಎರಡು ದಿನವಾದರೂ ಒಣಗದಿರುವುದೇಕೆಂದು ಕೇಳಿದರೆ, ಗಾಳಿಯಲ್ಲಿರುವ ನೀರಾವಿಯ ಪಾಠವು ಮನೆಯ ಗ್ಯಾಲರಿಯಲ್ಲಿಯೇ ಮುಗಿಯುತ್ತದೆ.

ಕಣಕದ ಉಂಡೆಯಷ್ಟು ಜೇಡಿಮಣ್ಣನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಅದನ್ನೇ ತಟ್ಟಿ ದೋಣಿಯ ಆಕಾರ ಮಾಡಿದರೆ ತೇಲುತ್ತದೆ. ತೂಕ ಬದಲಾಗಲಿಲ್ಲ, ಬದಲಾದುದು ಅದು ಪಕ್ಕಕ್ಕೆ ತಳ್ಳಿದ ನೀರಿನ ಪ್ರಮಾಣ. ಸಿಹಿನೀರಿನಲ್ಲಿ ಮುಳುಗಿದ ಮೊಟ್ಟೆಯು ಸಾಕಷ್ಟು ಉಪ್ಪು ಕರಗಿಸಿದಾಗ ಮೇಲೇರುತ್ತದೆ. ಇವೆರಡನ್ನೂ ಕಂಡ ಮಗುವಿಗೆ ‘ಸಾಂದ್ರತೆ’ ಎಂಬ ಪದವು ಹೊರೆಯಾಗುವುದಿಲ್ಲ. ಬೇಕಾಗಿದ್ದ ಹೆಸರು ಕೊನೆಗೂ ಸಿಕ್ಕಿತು ಎನ್ನಿಸುತ್ತದೆ.

ನೆಟ್ಟಗೆ ನಿಲ್ಲಿಸಿದ ಒಂದು ಕೋಲಿನ ಮಧ್ಯಾಹ್ನದ ನೆರಳನ್ನು ವಾರಕ್ಕೊಮ್ಮೆ ಅಳೆದು ಬರೆಯುತ್ತ ಹೋದರೆ, ಮೇ ಮಧ್ಯಭಾಗದ ಒಂದು ದಿನ ಪವಾಯಿಯಲ್ಲಿ ಆ ನೆರಳು ಇಲ್ಲವಾಗುತ್ತದೆ. ಜುಲೈ ಕೊನೆಯ ವಾರದಲ್ಲಿ ಮತ್ತೊಮ್ಮೆ ಹಾಗಾಗುತ್ತದೆ. ಆದರೆ ಆಗ ಮೋಡ ಕವಿದಿರುವುದೇ ಹೆಚ್ಚು. ಬೆಂಗಳೂರಿನಲ್ಲಿ ಅದೇ ಸಂಗತಿಯು ಏಪ್ರಿಲ್ ಕೊನೆಯ ವಾರದಲ್ಲಿ ಸಂಭವಿಸುತ್ತದೆ. ಊರಿನಲ್ಲಿರುವ ಬಂಧುಗಳಿಂದ ಅಲ್ಲಿಯ ನೆರಳಿನ ಅಳತೆಯನ್ನು ಫೋನಿನಲ್ಲಿ ಕೇಳಿ ಹೋಲಿಸಿದರೆ, ಭೂಮಿಯು ದುಂಡಗಿದೆಯೆಂಬ ಮಾತು ಬಾಯಿಪಾಠದ ವಾಕ್ಯವಾಗಿ ಉಳಿಯುವುದಿಲ್ಲ.

ವಿದ್ಯುತ್ತಿನ ಪಾಠಕ್ಕೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್, ಚಿಕ್ಕ ಬಲ್ಬು ಮತ್ತು ತಂತಿ ಸಾಕು. ಮನೆಯ ಗೋಡೆಯ ವಿದ್ಯುತ್ತನ್ನು ಯಾವ ಪ್ರಯೋಗಕ್ಕೂ ಬಳಸಕೂಡದು. ಒಂದೇ ತಂತಿಯಿಂದ ಬಲ್ಬು ಉರಿಯುತ್ತದೆಂದು ಹೆಚ್ಚಿನ ಮಕ್ಕಳು ಮೊದಲು ಊಹಿಸುತ್ತಾರೆ. ಅದು ಉರಿಯದಿದ್ದಾಗ ಬೇಸರಗೊಳ್ಳದೆ, ಏಕೆಂದು ಹುಡುಕಲು ಬಿಡಬೇಕು. ಉರಿಯದ ಬಲ್ಬು ಉರಿಯುವ ಬಲ್ಬಿಗಿಂತ ಹೆಚ್ಚಿನ ವಿಜ್ಞಾನವನ್ನು ಕಲಿಸುತ್ತದೆ. ಪವಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ಕೈಗೊಂಡ ಹತ್ತು ಲಕ್ಷ ಸೌರ ದೀಪಗಳ ಯೋಜನೆಯಲ್ಲಿ ದೀಪಗಳನ್ನು ಸ್ಥಳೀಯ ಜನರೇ ಜೋಡಿಸಿದರು. 2018ರ ಗಾಂಧಿ ಜಯಂತಿಯಂದು ಸಾವಿರಾರು ಶಾಲಾ ಮಕ್ಕಳು ಅದೇ ಸಂಸ್ಥೆಯ ಆವರಣದಲ್ಲಿ ಸೇರಿ ತಮ್ಮ ಕೈಯಾರೆ ಸೌರ ದೀಪಗಳನ್ನು ಜೋಡಿಸಿದರು. ತಾನೇ ಜೋಡಿಸಿದ ದೀಪದ ಬೆಳಕಿನಲ್ಲಿ ಓದುವ ಮಗುವಿಗೆ ವಿದ್ಯುನ್ಮಂಡಲವು ಪರಕೀಯವಾಗಿ ಉಳಿಯುವುದಿಲ್ಲ.

ಶಿಕ್ಷಕರು ಅನುಸರಿಸಬಹುದಾದ ಕ್ರಮ

ಇಷ್ಟರಿಂದ ಒಂದು ಸರಳ ಕ್ರಮವು ಮೂಡಿಬರುತ್ತದೆ. ಮೊದಲು, ಏನಾಗಬಹುದೆಂದು ಮಗುವೇ ಊಹಿಸಿ ಹೇಳಲಿ. ಎರಡನೆಯದಾಗಿ, ಅದು ತನ್ನ ಕೈಯಿಂದ ಮಾಡಿ ನೋಡಲಿ. ಮೂರನೆಯದಾಗಿ, ಊಹೆಗೂ ಕಂಡುದಕ್ಕೂ ಏಕೆ ಅಂತರ ಬಂದಿತೆಂದು ತನಗೆ ಸುಲಭವಾದ ಭಾಷೆಯಲ್ಲಿ ವಿವರಿಸಲಿ. ನಾಲ್ಕನೆಯದಾಗಿ, ಶಿಕ್ಷಕರು ಆ ಸಂಗತಿಯ ಪಾರಿಭಾಷಿಕ ಹೆಸರನ್ನು ಕೊಡಲಿ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆಸಲಿ. ಕೊನೆಯದಾಗಿ, ಮಗುವು ತನ್ನದೇ ವಾಕ್ಯದಲ್ಲಿ ಬರೆಯಲಿ. ಹೆಸರು ನಾಲ್ಕನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ ಎಂಬುದೇ ಈ ಕ್ರಮದ ತಿರುಳು. ತರಗತಿಯ ಮೂಲೆಯಲ್ಲಿ ಒಂದು ಪ್ರಶ್ನೆಪೆಟ್ಟಿಗೆಯನ್ನಿಟ್ಟು ವಾರಕ್ಕೊಂದು ದಿನ ಅದನ್ನು ತೆರೆದರೆ ಪ್ರತಿ ಶಾಲೆಗೂ ಒಬ್ಬ ಸವಾಲೀರಾಮ್ ದೊರೆಯುತ್ತಾನೆ. ಉತ್ತರ ತಿಳಿಯದಿದ್ದರೆ ‘ಒಟ್ಟಿಗೆ ಹುಡುಕೋಣ’ ಎಂದು ಹೇಳಲು ಶಿಕ್ಷಕರು ಹಿಂಜರಿಯಬೇಕಾಗಿಲ್ಲ. ಹಾಗೆ ಹೇಳಿದ ಶಿಕ್ಷಕರ ಬಗೆಗೆ ಮಕ್ಕಳ ಗೌರವವು ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಕಾನೂನು ಮತ್ತು ನೀತಿಯ ಬೆಂಬಲ

ಈ ಕಾರ್ಯಕ್ಕೆ ಕಾನೂನಿನ ಆಧಾರವೂ ಇದೆ. ಸಂವಿಧಾನದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿದೆ. 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯಗಳನ್ನು ಒದಗಿಸುವಂತೆ ಹೇಳಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯ ಪ್ರಕಾರ, ಆರರಿಂದ ಎಂಟನೆಯ ತರಗತಿಗಳಿರುವ ಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕು. ತಮ್ಮ ಮಕ್ಕಳ ಶಾಲೆಯಲ್ಲಿ ಆ ಶಿಕ್ಷಕರಿದ್ದಾರೆಯೇ ಎಂದು ವಿಚಾರಿಸುವುದು ಪೋಷಕರ ಹಕ್ಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕನಿಷ್ಠ ಐದನೆಯ ತರಗತಿಯವರೆಗೆ, ಸಾಧ್ಯವಾದಲ್ಲಿ ಎಂಟನೆಯ ತರಗತಿಯವರೆಗೂ, ಮನೆಮಾತಿನಲ್ಲಿ ಬೋಧನೆ ನಡೆಯುವುದು ಲೇಸೆಂದು ತಿಳಿಸಿದೆ. ವಿಜ್ಞಾನ ಮತ್ತು ಗಣಿತಗಳಿಗೆ ದ್ವಿಭಾಷಾ ಪುಸ್ತಕಗಳನ್ನು ಸಿದ್ಧಪಡಿಸಬೇಕೆಂದೂ ಸೂಚಿಸಿದೆ. 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ಯು ಕನ್ನಡ ಮಾಧ್ಯಮದ ಮಕ್ಕಳಿಗೂ ಪುಸ್ತಕಗಳನ್ನು ಪ್ರಕಟಿಸಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿನ ಮನೆಯಲ್ಲಿಯೂ ಕನ್ನಡದ ವಿಜ್ಞಾನ ಪುಸ್ತಕವೊಂದು ಇದ್ದರೆ, ತಂದೆ ತಾಯಿಗಳು ಪಾಠದಲ್ಲಿ ಭಾಗಿಗಳಾಗಬಹುದು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದು ಎಂಬ ಮಾತಿಗೆ ಉತ್ತರವು ನೂರು ವರ್ಷಗಳ ಹಿಂದೆಯೇ ದೊರೆತಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಹಾಗೂ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಡಾ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂಲಕ ಮಕ್ಕಳ ಕೈಗೆ ವಿಶ್ವಕೋಶವನ್ನೇ ಇತ್ತರು. ಈ ಪರಂಪರ್ಯಕ್ಕೆ ಮುಂಬಯಿಯ ಕನ್ನಡ ಮಕ್ಕಳೂ ವಾರಸುದಾರರು.

ಮಗುವಿನ ಪ್ರಶ್ನೆಗೆ ಪ್ರತಿದಿನ ಹತ್ತು ನಿಮಿಷ ಕಿವಿಗೊಡುವುದು, ಅದರ ತಪ್ಪು ಉತ್ತರವನ್ನು ನಗದೆ ಆಲಿಸುವುದು, ಅಡುಗೆಮನೆಯ ಒಂದು ಪಾತ್ರೆಯನ್ನು ಪ್ರಯೋಗಕ್ಕೆ ಬಿಟ್ಟುಕೊಡುವುದು, ಇವಿಷ್ಟು ಯಾವ ಬಡವರ ಮನೆಗೂ ಎಟುಕದ ಸಂಗತಿಗಳಲ್ಲ. ಕಠಿಣ ಪಾಠವೆಂಬುದು ಬಹುತೇಕ ಸಲ ಅನುಭವವಿಲ್ಲದೆ ಬಂದ ಹೆಸರು. ಅನುಭವವನ್ನು ಮುಂದೆ ತಂದರೆ ಹೆಸರು ಹಗುರವಾಗುತ್ತದೆ. ಪವಾಯಿಯ ಕೆರೆಯನ್ನು ದಿನವೂ ದಾಟಿ ಶಾಲೆಗೆ ಹೋಗುವ ಮಗುವು ಒಂದು ಸಂಜೆ ಮನೆಗೆ ಬಂದು, ‘ಈ ನೀರು ಏಕೆ ಕೆಟ್ಟಿತು?’ ಎಂದು ಕೇಳಿದರೆ, ಆ ಪ್ರಶ್ನೆಯನ್ನು ನಾಳೆಗೆ ಮುಂದೂಡದಿರಿ. ಈ ಕೆರೆಯನ್ನು ಮತ್ತೆ ಸ್ವಚ್ಛಗೊಳಿಸಬಲ್ಲ ಎಂಜಿನಿಯರು ಆ ಮಗುವೇ ಆಗಿರಬಹುದು.